ಗಂಧೆಯ ಜೊತೆ ಉಸಿರೂ ಕಟ್ಟಿದರೆ

ಹಾರನಹಳ್ಳಿಯ ಆಚೆ ಇರುವ ನಮ್ಮ ಊರಿನ ತೋಟಗಳಲ್ಲಿ ತೆಂಗಿನಕಾಯಿಗಿಂತ ಕಡಜದ ಗೂಡುಗಳೇ ಹೆಚ್ಚು. ಇಲ್ಲಿನ ಕಡಜಕ್ಕೆ ಹೆದರಿ ಮಳೆಯೂ ತೋಟ ಬಳಸಿಕೊಂಡು ಹೋಗುತ್ತದೆ ಎಂದು ಲಕ್ಕಪ್ಪ ಹೇಳುತ್ತಾನೆ. ಅವನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟು ನಂಬಬೇಕು. ಆದರೆ ಅವನ ಹೆಂಡತಿ ರಂಗಮ್ಮನಿಗೆ ಆದದ್ದನ್ನು ಪೂರ್ತಿ ನಂಬಿ. ಅದನ್ನು ಊರೇ ನೋಡಿದೆ.

ಬೆಳಿಗ್ಗೆ ಹತ್ತರ ಹೊತ್ತು. ರಂಗಮ್ಮ ತೋಟದಲ್ಲಿ ಒಣಗರಿ ಎಳೆಯುತ್ತಿದ್ದಳು. ಗರಿಯ ಅಡಿಯಿಂದ ಒಂದು ಕಡಜ ಎದ್ದು ಕುತ್ತಿಗೆಗೆ ಕಚ್ಚಿತು. ಹೋದ ವರ್ಷವೂ ಹೀಗೇ ಕಚ್ಚಿ, ಮೈಯೆಲ್ಲ ದದ್ದು ಎದ್ದು, ಸಂಜೆಗೆ ಇಳಿದಿತ್ತು. ಅವಳು ಕುತ್ತಿಗೆ ಉಜ್ಜಿಕೊಳ್ಳುತ್ತ ಮನೆಗೆ ಬಂದಳು.

ಜಗಲಿ ಮೇಲೆ ಕೂತಿದ್ದ ಲಕ್ಕಪ್ಪ ನಕ್ಕ.

“ಒಂದ್ ಹುಳಕ್ಕೆ ಇಷ್ಟುದ್ದ ಮಕ ಮಾಡ್ಕಂಡ್ ಬಂದಿದ್ಯಲ್ಲೇ. ನಂಗೆ ಒಂದ್ಸಲ ನೂರಿಪ್ಪತ್ತು ಕಚ್ಚಿದ್ವು. ಕಚ್ಚಿದ್ ಹುಳುಗಳೇ ತಲೆ ತಿರುಗಿ ಬಿದ್ವು.”

“ನಿಮ್ಮನ್ ಕಚ್ಚಿದ್ಮೇಲೆ ಬೀಳ್ದೆ ಇನ್ನೇನ್ ಮಾಡ್ತವೆ,” ಎಂದಳು ರಂಗಮ್ಮ.

ಹತ್ತು ನಿಮಿಷವೂ ಆಗಿರಲಿಲ್ಲ, ಅವಳ ಅಂಗೈ ತುರಿಸತೊಡಗಿತು. ತೋಳು, ಹೊಟ್ಟೆ, ಬೆನ್ನಿನ ತುಂಬ ಕೆಂಪು ದದ್ದು ಎದ್ದವು. ಲಕ್ಕಪ್ಪನ ತಾಯಿ ಬೋರಮ್ಮ ಒಂದು ಸಲ ನೋಡಿದಳು, ಅಷ್ಟೇ ಸಾಕಾಯಿತು.

“ಪಿತ್ತದ ಗಂಧೆ ಕಣೋ ಇದು. ಕಂಬ್ಳಿ ತತ್ತೀನಿ ತಡಿ.”

ಮೈಮೇಲೆ ಗಂಧೆ, ಅಂದರೆ ಇಂಥ ತುರಿಕೆಯ ದದ್ದು, ಎದ್ದರೆ ಕಂಬಳಿ ಹೊದಿಸಿ ತಿಕ್ಕುವುದು ನಮ್ಮ ಕಡೆ ಹಿಂದಿನಿಂದ ಬಂದದ್ದು. ಬೋರಮ್ಮನ ಕೈ ಎಂದರೆ ಎಮ್ಮೆಯೂ ಓಡಿಹೋಗುವಂಥ ಕೈ. ಸೊಸೆಗೆ ಕಂಬಳಿ ಸುತ್ತಿ ತಿಕ್ಕಿದ್ದೇ ತಿಕ್ಕಿದ್ದು.

“ಅತ್ತೆ, ಗಂಟ್ಲು ಬಿಗೀತೈತೆ,” ಎಂದಳು ರಂಗಮ್ಮ. ದನಿ ಒಡೆದಿತ್ತು.

“ಬೆಲ್ಲದ್ ನೀರ್ ಕುಡಿ, ಸರಿಹೋಯ್ತದೆ.”

ಕುಡಿದ ಬೆಲ್ಲದ ನೀರು ಹಾಗೇ ವಾಂತಿಯಾಗಿ ಬಂತು. ಕಂಬಳಿ ಸರಿಸಿ ನೋಡಿದರೆ ತುಟಿ ಊದಿತ್ತು, ಕಣ್ಣು ಮುಚ್ಚುವಷ್ಟು ಮುಖ ದಪ್ಪಗಾಗಿತ್ತು. ಲಕ್ಕಪ್ಪನ ನಗು ನಿಂತುಹೋಯಿತು. ಅವನು ಬೈಕ್ ಹೊರಗೆ ತಳ್ಳಿದ.

“ಎದ್ದೇಳೇ ರಂಗಿ. ನಡುವೆ ಕೂತ್ಕ. ಅವ್ವ ಹಿಂದೆ ಹಿಡ್ಕತಾಳೆ. ಆಸ್ಪತ್ರೆಗೆ ಹೋಗಣ.”

ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಉಷಾರಾಣಿ ಗಲಾಟೆ ಕೇಳಿ ಬಂದಳು. ಎದ್ದು ನಿಂತ ರಂಗಮ್ಮ ಅಷ್ಟರಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದಿದ್ದಳು.

“ಅಣ್ಣ, ಅಕ್ಕನ್ನ ನಿಲ್ಲಿಸ್ಬೇಡಿ, ನಡೆಸ್ಬೇಡಿ, ಬೈಕ್ ಬ್ಯಾಡ್ವೇ ಬ್ಯಾಡ. ಮಲಗ್ಸಿ ಮೊದ್ಲು. ಅಕ್ಕ, ಮಲಗಿದ್ರೆ ಉಸಿರಾಡೋಕ್ ಆಯ್ತದಾ?”

ಮಲಗಿದ್ದಲ್ಲೇ ರಂಗಮ್ಮ ಹೂಂ ಎಂದು ತಲೆಯಾಡಿಸಿದಳು. ಉಸಿರಿನಲ್ಲಿ ಸುಯ್ ಎಂಬ ಸದ್ದಿತ್ತು.

“ಆಗ್ದಿದ್ರೆ ಹೇಳು. ಕಾಲ್ ಚಾಚಿ ಒರಗಿ ಕೂತ್ಕಬೋದು.”

“ಪಿತ್ತಕ್ಕೆ ಇಷ್ಟೊಂದ್ ಯಾಕವ್ವ?” ಎಂದಳು ಬೋರಮ್ಮ.

“ಅಜ್ಜಿ, ಬರೀ ದದ್ದಾಗಿದ್ರೆ ಬೇರೆ. ದದ್ದಿನ್ ಜೊತೆಗೆ ತುಟಿ ಊದೈತೆ, ಗಂಟ್ಲು ಬಿಗಿದೈತೆ, ವಾಂತಿ ಆಗೈತೆ, ಕಣ್ ಕತ್ಲೆ ಬತ್ತೈತೆ. ಇದು ಹುಳದ್ ವಿಷಕ್ಕೆ ಆಗಿರೋ ಅಲರ್ಜಿ. ಜೀವ ತೆಗೆಯೋವಂಥದ್ದು.”

“ನಂಗ್ ನೂರಿಪ್ಪತ್ತು ಕಚ್ಚಿದ್ರೂ…”

“ನಿಮ್ ಮೈ ಬೇರೆ, ಅಕ್ಕನ್ ಮೈ ಬೇರೆ ಅಣ್ಣ. ಕೆಲವ್ರಿಗೆ ಒಂದೇ ಸಾಕು. ಕೆಲವ್ರಿಗೆ ಕಡ್ಲೆಕಾಯಿ ತಿಂದ್ರೆ, ಇಲ್ಲ ಯಾವ್ದೋ ಮಾತ್ರೆ ನುಂಗಿದ್ರೆ ಹಿಂಗಾಯ್ತದೆ. ಈಗ ಲೆಕ್ಕ ಬಿಡಿ, ಅಕ್ಕನ್ ಕಾಲ್ ಎತ್ತಿ ಹಿಡೀರಿ.”

ಮಾತಾಡುತ್ತಲೇ ಅವಳು 108ಕ್ಕೆ ಫೋನ್ ಮಾಡಿದ್ದಳು. ಆಂಬುಲೆನ್ಸ್ ದೂರದ ಊರಿಗೆ ಹೆರಿಗೆಗೆಂದು ಹೋಗಿತ್ತು, ಬರಲು ಮುಕ್ಕಾಲು ಗಂಟೆ. ಹಾರನಹಳ್ಳಿ ಆಸ್ಪತ್ರೆಗೆ ಹತ್ತೇ ನಿಮಿಷ. ಬೀದಿಯಲ್ಲಿ ದೇವೀರಪ್ಪ ಟೆಂಪೋಗೆ ಅರಸೀಕೆರೆ ಮಾರ್ಕೆಟ್ಟಿಗೆ ಹೋಗುವ ಕೊಬ್ಬರಿ ಮೂಟೆ ತುಂಬುತ್ತಿದ್ದ.

“ಮೂಟೆ ಇಳ್ಸ್ಲಾ ದೇವೀರ,” ಎಂದು ಲಕ್ಕಪ್ಪ ಕೂಗಿದ.

“ನಿಂದೇನ್ಲಾ ಅವಸ್ರ,” ಎಂದು ತಿರುಗಿದ ದೇವೀರಪ್ಪ, ರಂಗಮ್ಮನ ಮುಖ ನೋಡಿದವನೇ ಮೂಟೆಗಳನ್ನು ಬೀದಿಗೆ ಉರುಳಿಸಿದ. ಅವಳನ್ನು ಅದೇ ಕಂಬಳಿಯಲ್ಲಿ ಎತ್ತಿ ಟೆಂಪೋದಲ್ಲಿ ಮಲಗಿಸಿದರು. ಉಳಿಸಿಕೊಂಡ ಒಂದು ಮೂಟೆಯನ್ನು ಉಷಾರಾಣಿ ಅವಳ ಕಾಲ ಕೆಳಗೆ ಇಟ್ಟಳು, ಕಾಲು ಎತ್ತರಕ್ಕಿದ್ದರೆ ರಕ್ತ ಎದೆಯ ಕಡೆ ಬರುತ್ತದೆ ಎಂದು. ಮತ್ತೆ ವಾಂತಿ ಬಂದಾಗ ಮಗ್ಗುಲಿಗೆ ತಿರುಗಿಸಿದಳು. ಹೊರಡುವಾಗ ಬೋರಮ್ಮ ಮನೆಯಿಂದ ಹಿಡಿದು ಬಂದ ನೀರಿನ ಚೊಂಬನ್ನು ಹತ್ತಿರ ತರಲು ಬಿಡಲಿಲ್ಲ. ದಾರಿಯಲ್ಲೇ ಆಸ್ಪತ್ರೆಗೂ ಫೋನ್ ಮಾಡಿದಳು.

ಆ ಹತ್ತು ನಿಮಿಷವೂ ಲಕ್ಕಪ್ಪ ರಂಗಮ್ಮನ ಒಂದೊಂದು ಉಸಿರನ್ನೂ ನೋಡುತ್ತ ಕೂತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಲತಾ ಸಿದ್ಧವಾಗಿದ್ದರು. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಚುಚ್ಚಿದರು, ಆಕ್ಸಿಜನ್ ಹಾಕಿದರು. ಐದಾರು ನಿಮಿಷದಲ್ಲಿ ಸುಯ್ ಸದ್ದು ಇಳಿಯಿತು.

“ಇದಕ್ಕೆ ಮದ್ದು ಅಂದ್ರೆ ಈ ಇಂಜೆಕ್ಷನ್ನೇ,” ಎಂದರು ಡಾಕ್ಟರ್. “ಅಲರ್ಜಿ ಮಾತ್ರೆ ತುರಿಕೆ ಕಮ್ಮಿ ಮಾಡುತ್ತೆ, ಉಸಿರು ಬಿಡಿಸಲ್ಲ. ಮಾತ್ರೆ ನುಂಗಿ ಕಾಯ್ತಾ ಕೂತಿದ್ರೆ ಕಷ್ಟ ಆಗ್ತಿತ್ತು.”

ರಂಗಮ್ಮ ಕಣ್ಣು ಬಿಟ್ಟಳು. “ಹಸುಗ್ ನೀರ್ ಇಕ್ಕಿಲ್ಲ. ಮನೀಗ್ ಹೋಗಣ.”

“ಸರಿಹೋದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದಮ್ಮ. ಇವತ್ತು ಇಲ್ಲೇ ಇರಬೇಕು,” ಎಂದರು ಡಾಕ್ಟರ್.

“ಹಸುಗೆ ಮನೇಲ್ ನಮ್ಮವ್ವ ಅವ್ಳೆ. ಡಾಕ್ಟ್ರು ಏಳು ಅನ್ನೋಗಂಟ ನೀನ್ ಅಲ್ಲಾಡ್ಬ್ಯಾಡ,” ಎಂದ ಲಕ್ಕಪ್ಪ.

ಮಾರನೆಯ ದಿನ ರಂಗಮ್ಮ ಮನೆಗೆ ಬಂದಳು. ಕಡಜದ ಅಲರ್ಜಿ ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿ ಅವಳ ಫೋನಿನ ಕವರಿನಲ್ಲಿದೆ. ದೊಡ್ಡಾಸ್ಪತ್ರೆಯ ಅಲರ್ಜಿ ಡಾಕ್ಟರಿಗೂ ತೋರಿಸಿಕೊಂಡು ಬಂದಿದ್ದಾಳೆ. ಒಣಗರಿ ಎಳೆಯುವ ಕೆಲಸ ಈಗ ಲಕ್ಕಪ್ಪನದು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹುಳ ಕಚ್ಚಿದ ಮೇಲೆ, ಏನೋ ತಿಂದ ಮೇಲೆ, ಔಷಧಿ ತೆಗೆದುಕೊಂಡ ಮೇಲೆ ಯಾರಿಗಾದರೂ ಮುಖ ಊದಿ, ಉಸಿರು ಕಟ್ಟಿ, ತಲೆ ಸುತ್ತಿದರೆ ಮನೆಮದ್ದು ಹುಡುಕಬೇಡಿ. ಕೆಲವರಿಗೆ ದದ್ದು ಏಳದೆಯೂ ಹೀಗಾಗುತ್ತದೆ. ಮಲಗಿಸಿ, 108ಕ್ಕೆ ಕರೆ ಮಾಡಿ, ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸೇರಿಸಿ. ಅಲ್ಲಿ ಹೋದ ಮೇಲೆ ಅಷ್ಟೇನೂ ಆಗಿರಲಿಲ್ಲ ಎಂದು ತಿಳಿದರೆ ನಾಲ್ಕು ಜನ ನಗುತ್ತಾರೆ, ನಗಲಿ. ನಗುವವರ ನಡುವೆ ನಿಮ್ಮವರೂ ಕೂತು ನಗುತ್ತಿರುತ್ತಾರೆ.