ಒಲೆಯ ಹಿಂದಿನ ಮೂಲೆ

ಅಣ್ಣ ಬೂದೆಪ್ಪನ ಹೆಣವನ್ನು ಅಂಬಾದಾಸ ಆಂಬ್ಯುಲೆನ್ಸಿಗೆ ಏರಿಸುತ್ತಿದ್ದಂತೆ ಅತ್ತಿಗೆ ಸುಗಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಊರಿಗೆ ಒಯ್ಯೂದು ಬ್ಯಾಡ. ಇಲ್ಲೇ ಮಣ್ಣು ಮಾಡ್ರಿ."

"ತಲಿ ಕೆಟ್ಟೈತೇನ್ರಿ ವೈನಿ? ಇಪ್ಪತ್ತು ವರ್ಷದಾಗ ಈ ಹೈದರಾಬಾದಿನ್ಯಾಗ ಒಂದು ಗ್ವಾಡಿನರ ನಿಮ್ಮದು ಅಂತ ಆಗೈತೇನು? ಊರಾಗ ಅಪ್ಪನ ಬಾಜೂಕ ಜಾಗಾ ಐತಿ."

ಮಾತು ಸುಳ್ಳಲ್ಲ. ಮಿಯಾಪುರದ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಪಾಯ ತೋಡಿದ ಬೂದೆಪ್ಪ ಸತ್ತದ್ದು ತಗಡಿನ ಶೆಡ್ಡಿನಲ್ಲಿ. ನೆರೆದ ಕೂಲಿಯವರೆಲ್ಲ ಅಂಬಾದಾಸನ ಮಾತಿಗೇ ತಲೆಯಾಡಿಸಿದರು. ಗಾಡಿ ಹೊರಟರೆ ಮುಗಿಯಿತು ಎಂದು ಸುಗಲಮ್ಮ ಅದರ ಬಾಗಿಲನ್ನು ಬಿಗಿಯಾಗಿ ಹಿಡಿದಳು. ಸುದ್ದಿ ಕೇಳಿ ಬಂದಿದ್ದ, ಹಳೆಯ ನೆಲ ಅಗೆಸಿ ಸಂಶೋಧನೆ ಮಾಡುವ ಶಾಮಲಾ ಮಾತ್ರ ತಲೆಯಾಡಿಸದೆ ಅವಳ ಮುಖ ನೋಡಿದರು.

*

ಎರಡು ವರ್ಷದ ಹಿಂದೆ ಗಂಡಹೆಂಡತಿ ಶಾಮಲಾ ಅವರ ಕೈಕೆಳಗೆ ನೆಲ ಅಗೆಯುವ ಕೂಲಿಗಿದ್ದರು. ಗುದ್ದಲಿ ಬಿಟ್ಟು ಮಣ್ಣು ಕೆರೆಯುವ ಸಣ್ಣ ಕರಣಿ ಹಿಡಿದದ್ದೇ ಬೂದೆಪ್ಪನಿಗೆ ತಾನೂ ಅರ್ಧ ಪ್ರೊಫೆಸರ್ ಎಂಬ ಗತ್ತು ಬಂದಿತ್ತು.

"ಬ್ಯಾಟಿ ಆಡಿ ಬದುಕಿದ ಮಂದಿ, ಬಿತ್ತೂದು ಗೊತ್ತಿದ್ದಿಲ್ಲ ಅಂತೀರಿ. ಮತ್ತ ಬ್ಯಾಟಿ ಹಿಂದ ಹೋಗೂದು ಬಿಟ್ಟು ಇಲ್ಲೇ ಯಾಕ ಕುಂತ್ರು ಮೇಡಂ?"

ಶಾಮಲಾ ತೋರಿಸಿದರು: ಸಾವಿರಾರು ವರ್ಷದ ಹಿಂದಿನ ಮನೆ, ಒಂದೇ ನೆಲಕ್ಕೆ ಪದರದ ಮೇಲೆ ಪದರವಾಗಿ ಏಳೆಂಟು ಸಲ ಮಣ್ಣು ಮೆತ್ತಿ ಸಾರಿಸಿದ್ದಾರೆ. ಒಲೆಯ ಜಾಗ ಮಾತ್ರ ಕದಲಿಲ್ಲ. ಮರುದಿನ ಒಲೆಯ ಪಕ್ಕ ಬೂದೆಪ್ಪನ ಕರಣಿ ನಿಂತಿತು. ಮಣ್ಣಿನಲ್ಲಿ ಅಂಗೈಯಷ್ಟು ತಲೆಬುರುಡೆ, ಹಸುಗೂಸಿನದು.

"ಯಾಕ ಕುಂತ್ರು ಅಂತ ತಿಳೀತ್ರಿ," ಎಂದು ಹೊರಗೆ ಬಂದು ಕೂತವನು ಅವತ್ತು ಮತ್ತೆ ಕರಣಿ ಮುಟ್ಟಲಿಲ್ಲ.

*

"ಹಟ ಮಾಡಬ್ಯಾಡ್ರಿ ವೈನಿ. ಇಲ್ಲಿ ಅವಗ ಯಾರದಾರ?"

"ಶಿವಗಂಗಾ ಅದಾಳ."

ಅಂಬಾದಾಸ ಆ ಹೆಸರು ಕೇಳಿರಲೇ ಇಲ್ಲ.

"ನಮ್ಮ ಮಗಳು. ಇಲ್ಲಿಗೆ ಬಂದ ವರ್ಷ ಹುಟ್ಟಿದ್ಲು, ಹನ್ನೊಂದು ದಿನ ಇದ್ಲು. ಶೆಡ್ಡಿನ್ಯಾಗ ಒಲಿ ಹಿಂದ ಹುಗದ್ವಿ. ಮುಂದ ಅಲ್ಲೇ ಕಟ್ಟಡಕ್ಕ ಪಾಯಾ ತೋಡ್ರಿ ಅಂದ್ರು. ಆ ಮೂಲಿ ನಿಮ್ಮಣ್ಣ ಬ್ಯಾರೆಯವರಿಗೆ ಬಿಡಲಿಲ್ಲ. ತಾನೇ ತೋಡಿ, ಕೂಸಿನ್ನ ಇನ್ನಷ್ಟು ಆಳಕ್ಕ ಇಟ್ಟ. ಅದಕ್ಕ ಊರಿಗೆ ಬರಲಿಲ್ಲ."

ಅಂಬಾದಾಸನ ಕಣ್ಣು ತುಂಬಿದವು. ಅವನು ಡ್ರೈವರನಿಗೆ ತೆಲುಗಿನಲ್ಲಿ ಏನೋ ಹೇಳಿದ. ಗಾಡಿ ಹೆದ್ದಾರಿಯ ಕಡೆ ಹೋಗದೆ ಹತ್ತಿರದ ಸ್ಮಶಾನಕ್ಕೆ ತಿರುಗಿತು.

ಗುಂಡಿಗಿಳಿದು ಅಣ್ಣನನ್ನು ಮಲಗಿಸಿದ ಅಂಬಾದಾಸ ತಲೆಯೆತ್ತಿ ಕೇಳಿದ:

"ಮಖ ಯಾವ ಕಡೆ ಮಾಡ್ಲಿ ವೈನಿ?"

ಸುಗಲಮ್ಮ ಸ್ಮಶಾನದ ಗೋಡೆಯಾಚೆ ಸಾಲಾಗಿ ನಿಂತ ಕಟ್ಟಡಗಳನ್ನು ಬೆರಳಲ್ಲಿ ಎಣಿಸಿ, ನಾಲ್ಕನೆಯದಕ್ಕೆ ಕೈ ತೋರಿಸಿದಳು. ಅಂಬಾದಾಸ ಎರಡೂ ಕೈಯಲ್ಲಿ ಅಣ್ಣನ ಮುಖ ಹಿಡಿದು ಅತ್ತ ಹೊರಳಿಸಿದ.