ಮೂವತ್ತಾರರ ಕಿಲುಬು

ರಿಟೈರಾದ ಮೇಲೆ ಇಂಜಿನಿಯರ್ ಮುರಳೀಧರನಿಗೆ ಹಿಡಿದದ್ದು ಒಂದೇ ಹುಚ್ಚು. ೧೯೩೬ರಲ್ಲಿ ಡಲ್ಲಾಸ್‌ನ ಫೇರ್ ಪಾರ್ಕ್‌ನಲ್ಲಿ ಜಾಗತಿಕ ಪ್ರದರ್ಶನ ನಡೆದಿತ್ತಲ್ಲ, ಅದರದ್ದು ಇನ್ನೂ ಏನೇನು ಉಳಿದಿದೆ ಎಂದು ಹುಡುಕುವುದು. ಶನಿವಾರ ಬಂತೆಂದರೆ ಸೈ, ಊರಾಚೆಯ ಫಾರ್ಮರ್ಸ್ ಬ್ರಾಂಚ್ ಬಡಾವಣೆಯ ಮನೆಯಿಂದ ನೋಟ್‌ಬುಕ್ ಹಿಡಿದು ಹೊರಟ. ಮೂರು ವರ್ಷ ಕಾಲು ಸವೆಸಿದರೂ ಕಂಡದ್ದೆಲ್ಲ ಬೇರೆಯವರು ಆಗಲೇ ಪಟ್ಟಿ ಮಾಡಿಟ್ಟದ್ದೇ. ಪ್ರತಿಮೆಯಂತೆ, ಗೋಡೆಚಿತ್ರವಂತೆ, ಅದೇ ಅದೇ.

೨೦೦೩ರ ಚಳಿಗಾಲದಲ್ಲಿ ಅವನ ಅದೃಷ್ಟ ಖುಲಾಯಿಸಿತು. ಪಾರ್ಕ್‌ನ ಒಂದು ಗೋದಾಮಿನ ಹಿಂಗೋಡೆಯಲ್ಲಿ ಕುಡಿಯುವ ನೀರಿನ ಕಂಚಿನ ನಲ್ಲಿ. ಮೈತುಂಬ ಹಸಿರು ಕಿಲುಬು, ನಡುನಡುವೆ ಹಳೆಯ ಬಣ್ಣದ ಚಕ್ಕೆ. ಯಾವ ಪಟ್ಟಿಯಲ್ಲೂ ಇಲ್ಲ. ಇವನೊಬ್ಬನದ್ದೇ! ಆದರೆ ಆ ಗೋಡೆಯನ್ನು ಸೋಮವಾರ ಕೆಡವುವವರಿದ್ದರು. ಬಣ್ಣದ ಚಕ್ಕೆ ಮೂವತ್ತಾರರದ್ದೇ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ಮಾತ್ರ ಗೋಡೆಯನ್ನೂ ನಲ್ಲಿಯನ್ನೂ ಉಳಿಸಬಹುದು ಎಂದಳು, ಅವನು ಫೋನ್ ಮಾಡಿ ಕೇಳಿದ ಹಳೆಯ ಕಟ್ಟಡಗಳ ತಜ್ಞೆ. ಶನಿವಾರವೇ ನೋಡಲು ಬರುವುದಾಗಿ ಒಪ್ಪಿದಳು.

ಇದಾವುದೂ ಹೆಂಡತಿ ಅಹಲ್ಯಾಳಿಗೆ ಗೊತ್ತಿರಲಿಲ್ಲ. ಕಿಲುಬು ಹಿಡಿದ ನಲ್ಲಿಯೊಂದನ್ನು ಯಾರೋ ನೋಡಲು ಬರುತ್ತಾರೆಂದಷ್ಟೇ ತಿಳಿದು, ಯಾವತ್ತೂ ಇಲ್ಲದವಳು ಅಂದು ಚೀಲದಲ್ಲೊಂದು ಡಬ್ಬಿ ಇಟ್ಟುಕೊಂಡು ತಾನೂ ಹೊರಟಳು. ಅವಳನ್ನು ನಲ್ಲಿಯ ಬಳಿ ಬಿಟ್ಟು ಮುರಳೀಧರ ಗೇಟಿಗೆ ಹೋದ. ತಜ್ಞೆ ಬರುವುದು ಅರ್ಧ ಗಂಟೆ ತಡವಾಯಿತು. ಕರೆತಂದು ನೋಡುತ್ತಾನೆ, ನಲ್ಲಿ ಗೌರಿಹಬ್ಬದ ದೀಪದ ಹಾಗೆ ಫಳಫಳ ಹೊಳೆಯುತ್ತಿದೆ.

"ನಾಲ್ಕು ಜನ ನೋಡೋಕೆ ಬರೋ ವಸ್ತುನ ಹಾಗಾ ಇಡೋದು? ಹುಣಸೇಹಣ್ಣು, ಉಪ್ಪು ಹಾಕಿ ಬೆಳಗಿಬಿಟ್ಟೆ ರೀ. ರಟ್ಟೆ ಬಿದ್ದುಹೋಯ್ತು," ಎಂದಳು ಅಹಲ್ಯಾ. ಮುಖ ಅರಳಿತ್ತು.

ತಜ್ಞೆ ಬಗ್ಗಿ ನೋಡಿದಳು. ಬಣ್ಣದ ಚೂರೂ ಉಳಿದಿರಲಿಲ್ಲ. ಇದನ್ನು ಸ್ವಚ್ಛ ಮಾಡಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ನಯವಾಗಿಯೇ ಕೇಳಿದಳು.

ಮುರಳೀಧರನಿಗೆ ಸಿಟ್ಟು ನೆತ್ತಿಗೇರಿತ್ತು, ಅಳುವೂ ಬಂದಿತ್ತು. ಬಾಯಿ ತೆರೆದ. ಅಷ್ಟರಲ್ಲಿ ತಣ್ಣೀರಿಗೆ ಮರಗಟ್ಟಿ ಕೆಂಪಾಗಿದ್ದ ಅಹಲ್ಯಾಳ ಬೆರಳು ಕಣ್ಣಿಗೆ ಬಿತ್ತು.

"ನಾನೇ," ಎಂದ.

ತಜ್ಞೆ ಅವನನ್ನು ಪಕ್ಕಕ್ಕೆ ಕರೆದು, ಇನ್ನು ಪರೀಕ್ಷಿಸಲು ಏನೂ ಇಲ್ಲ, ಸೋಮವಾರದ ಕೆಲಸ ತಡೆಯಲಾಗದು ಎಂದು ತಗ್ಗಿದ ದನಿಯಲ್ಲಿ ಹೇಳಿ ಹೊರಟಳು. ಅಹಲ್ಯಾ ಆ ಹೊತ್ತಿಗೆ ಹುಣಸೇಹಣ್ಣಿನ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು.

ಕಾರಿನಲ್ಲಿ ಅವಳದು ಊದಿದ ಮುಖ.

"ತಿಕ್ಕಿದ್ದು ನಾನು, ಹೆಸರು ನಿಮಗಾ? ಮೂರು ವರ್ಷಕ್ಕೆ ಒಂದು ಕೆಲಸ ಮಾಡಿದೀನಿ, ಅದನ್ನೂ ಕಿತ್ಕೊಂಡ್ರಲ್ಲ!"

"ತಪ್ಪಾಯ್ತು ಕಣೇ."

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವಳ ಮುನಿಸು ಇಳಿಯಿತು. "ಹೋಗ್ಲಿ ಬಿಡಿ. ಕೆಳಗಿನ ಪೈಪ್‌ಗೂ ಕಿಲುಬು ಹಿಡಿದಿದೆ. ಮುಂದಿನ ಶನಿವಾರ ಜಾಸ್ತಿ ಹುಣಸೇಹಣ್ಣು ತರ್ತೀನಿ. ಈ ಸಲ ನಾನೇ ಮಾಡಿದ್ದು ಅಂತ ಹೇಳ್ಬೇಕು, ಆಯ್ತಾ?"

"ಆಯ್ತು," ಎಂದ ಮುರಳೀಧರ.