ಗೊಳಸಂಗಿಯ ಕೆಂಪು ಬೀಜ

ಕೆಲವು ಕೇಡುಗಳು ಬಾಗಿಲು ಬಡಿದು ಬರುತ್ತವೆ. ಕೆಲವು ಬೀಗರಂತೆ ಕೈಕಾಲು ತೊಳೆದುಕೊಂಡು ಒಳಗೆ ಬಂದು ಕೂರುತ್ತವೆ. ಎಪ್ಪತ್ನಾಲ್ಕರ ಹಿಂಗಾರಿನಲ್ಲಿ ಗೊಳಸಂಗಿಗೆ ಬಂದದ್ದು ಈ ಎರಡನೆಯ ಬಗೆಯದು. ಅದರ ಗುರುತು ಹತ್ತಿದ್ದು ಬಸಂತರಾಯನೊಬ್ಬನಿಗೇ.

ಬಸಂತರಾಯ ಮುದ್ದೇಬಿಹಾಳದ ಹೊರವಲಯದ ಒಂದು ಸಣ್ಣ ಬೀಜ ಕೇಂದ್ರದಲ್ಲಿ ವಿಜ್ಞಾನಿ. ಎರಡು ಕೋಣೆ, ಒಂದು ತಕ್ಕಡಿ, ಗಾಜು ಬಿರುಕುಬಿಟ್ಟ ಸೂಕ್ಷ್ಮದರ್ಶಕ. ಮುಂಜಾನೆ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸದೆ ಆತ ಕಾಳು ಮುಟ್ಟಿದವನಲ್ಲ. ಜೋಳದ ಕಾಡಿಗೆ ರೋಗ ತಡೆಯಲೆಂದು ಮೇಲಿನವರು ಆ ವರ್ಷ ಪಾದರಸದ ಔಷಧ ಕಳಿಸಿದ್ದರು. ಅದನ್ನು ಬೀಜಕ್ಕೆ ಸವರಿ, ವಿಷವೆಂದು ತಿಳಿಯಲಿ ಎಂದು ಕೆಂಪು ಬಣ್ಣ ಬೆರೆಸಬೇಕು. “ಈ ಸೀಮೆಯಲ್ಲಿ ಕೆಂಪೆಂದರೆ ಕುಂಕುಮ, ಬಣ್ಣ ಬದಲಿಸಿರಿ” ಎಂದು ಬಸಂತರಾಯ ಮೂರು ಪತ್ರ ಬರೆದ. ಒಂದಕ್ಕೆ ಉತ್ತರ ಬಂತು: ಪರಿಶೀಲನೆಯಲ್ಲಿದೆ.

ಗೊಳಸಂಗಿಯ ಕಾಳಪ್ಪ ತನ್ನ ನಾಲ್ಕೆಕರೆಯಲ್ಲಿ ಪ್ರಯೋಗಕ್ಕೆ ಒಪ್ಪಿದ್ದ. ಬೀಜದ ಲೆಕ್ಕವನ್ನು ಬಸಂತರಾಯ ಪುಸ್ತಕ ನೋಡಿ ಹಾಕಿದ. ಪುಸ್ತಕ ಬರೆದವರು ಕಾಳಪ್ಪನ ಕೂರಿಗೆ ಕಂಡವರಲ್ಲ. ಅದರ ಸಾಲುಗಳು ಅಗಲ. ಕಳಿಸಿದ್ದರಲ್ಲಿ ಅರ್ಧ ಬೀಜ ಉಳಿಯಿತು. ಉಳಿಯದೆಂಬ ನಂಬಿಕೆಯಲ್ಲಿ ಬಸಂತರಾಯ ವಿಷದ ಮಾತನ್ನು ಹೇಳಿಯೂ ಇರಲಿಲ್ಲ. ತಪ್ಪು ಯಾರದೆಂದು ಮುಂದೆ ಬಸಂತರಾಯ ಎಂದೂ ಬೇರೆ ಕಡೆ ಹುಡುಕಲಿಲ್ಲ.

ಬಿತ್ತಿದ ಹನ್ನೆರಡನೆಯ ದಿನ ಮೊಳಕೆ ಎಣಿಸಲು ಬಂದವನು ಕಾಳಪ್ಪನ ಮನೆಯಲ್ಲಿ ಕೂತು ಕೇಳಿದ, “ಉಳಿದ ಬೀಜ ಎಲ್ಲಿ ಇಟ್ಟಿ?”

“ಇಡೂದೆಲ್ಲಿ ಬಂತ್ರಿ ಸಾಹೇಬರ? ಬಿತ್ತಾಕ ತಗದ ಕಾಳು ತಿರುಗಿ ನೆಲದಾಗಿನ ಹಗೇವಿಗೆ ಹೋಗಬಾರದು. ನಾಕು ಮನಿಗೆ ಹಂಚಿ ಉಂಡು ತೀರಸಬೇಕು. ನಮ್ಮಜ್ಜನ ಕಾಲದಿಂದ ಹಂಗೇ ಐತಿ.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವನ ಹೆಂಡತಿ ಲಕ್ಕವ್ವ ನಕ್ಕಳು. “ಪೂಜಿ ಮಾಡಿ ಕುಂಕುಮ ಹಚ್ಚಿ ಕಳಿಸೀರಿ, ನಿಮ್ಮ ಕೈ ದೊಡ್ಡದ್ರಿ. ಏಳು ನೀರಾಗ ತೊಳದ ಮ್ಯಾಲ ಕಾಳು ಬೆಳ್ಳಗಾದ್ವು. ಬರ್ರಿ, ಒಂದು ಬಿಸಿ ರೊಟ್ಟಿ ತಿನ್ರಿ.”

ಬಸಂತರಾಯ ತಟ್ಟನೆ ಎದ್ದ. ತೊಳೆದರೆ ಹೋಗುವುದು ಬಣ್ಣ ಮಾತ್ರ.

“ತಂಗಿ, ಕೈ ತೆಗಿ! ಅದು ವಿಷ!”

ಕಾಳಪ್ಪ ಹೊಟ್ಟೆ ಹಿಡಿದು ನಕ್ಕ. “ವಿಷಾ ಆಗಿದ್ರ ನಾ ಇಷ್ಟೊತ್ತಿಗೆ ಕುಣ್ಯಾಗ ಇರಬೇಕಿತ್ತಲ್ರಿ! ಹನ್ನೊಂದು ದಿನಾ ಆತು ಉಣ್ಣಾಕ ಹತ್ತಿ. ಇಂಥಾ ವಿಷಾ ಇನ್ನೊಂದು ಚೀಲ ಕಳಸ್ರಿ.”

ಬಸಂತರಾಯ ಉಳಿದ ಹಿಟ್ಟನ್ನು ಕಸಿದುಕೊಂಡು ಹಿತ್ತಲಲ್ಲಿ ಹೂತ. “ಅನ್ನಕ್ಕ ಮಣ್ಣು ಹಾಕಿದ್ರಲ್ಲೋ ಯಪ್ಪಾ” ಎಂದು ಲಕ್ಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಳು ಹಂಚಿದ್ದ ನಾಲ್ಕು ಮನೆಗಳಿಗೂ ಬಸಂತರಾಯ ಓಡಿದ. ಅಲ್ಲಿ ಕಾಳು ಆಗಲೇ ತೀರಿತ್ತು. ರುಚಿಯಾಗಿತ್ತೆಂದು ಎಲ್ಲರೂ ಹರಸಿ ಕಳಿಸಿದರು.

ಮರುದಿನ ಮೇಲಧಿಕಾರಿ ಪರಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು.

“ಯಾರಿಗರೆ ಏನರೆ ಆಗೇತೇನು?”

“ಇನ್ನೂ ಇಲ್ರಿ. ಈ ವಿಷ ಮೈಯಾಗ ವಾರಗಟ್ಟಲೆ ಮಲಗಿರತೈತಂತ ಓದೀನಿ.”

“ಮತ್ತ ನಾ ಏನಂತ ಬರೀಲಿ? ಏನೂ ಆಗಿಲ್ಲ, ಆದೀತು ಅಂತನಾ? ನೀವು ವಿಜ್ಞಾನಿ ಅದೀರೋ, ಹಲ್ಲಿ ಶಕುನ ಹೇಳಾವ್ರೋ? ಮೊಳಕಿ ನೂರಕ್ಕ ತೊಂಬತ್ತಾರು ಬಂದೈತಿ. ಮುಂದಿನ ವರ್ಷ ಇಂಡಿ, ಸಿಂದಗಿ, ಬಾಗೇವಾಡಿ, ಎಲ್ಲಾ ಕಡೆ ಇದೇ ಬೀಜ ಹೋಗತೈತಿ. ವರದಿಗೆ ಸಹಿ ಹಾಕ್ರಿ. ಇಲ್ಲಾ, ಪುರಾವಿ ತರ್ರಿ.”

ಬಸಂತರಾಯ ಸಹಿ ಹಾಕದೆ ವರದಿಯನ್ನು ಕಿಸೆಯಲ್ಲಿಟ್ಟುಕೊಂಡು ಹೊರಬಿದ್ದ. ಪುರಾವೆ! ತಕ್ಕಡಿಯಲ್ಲಿ ತೂಗುವ ಪುರಾವೆಯಲ್ಲ ಅದು. ಐದು ಮನೆಗಳ ಜನರ ರಕ್ತದಲ್ಲಿ ಹಣ್ಣಾಗಬೇಕಾದದ್ದು. ಇಷ್ಟು ವರ್ಷ ತನ್ನ ಊಹೆ ನಿಜವಾಗಲೆಂದು ಬೇಡಿಕೊಂಡವನು ಈಗ ಅಂಗೈಯ ಲಿಂಗ ನೋಡುತ್ತ, “ಶಿವನೇ, ನಾ ಓದಿದ್ದು ಸುಳ್ಳಾಗಲಿ” ಎಂದು ಮೊರೆಯಿಟ್ಟ.

ವಾರಕ್ಕೊಮ್ಮೆ ಗೊಳಸಂಗಿಗೆ ಹೋಗತೊಡಗಿದ. “ಬಂದ್ರೇನ್ರಿ? ಇನ್ನೂ ಸತ್ತಿಲ್ರಿ, ಮುಂದಿನ ವಾರ ಬರ್ರಿ” ಎಂದು ಕಾಳಪ್ಪ ಚೇಷ್ಟೆ ಮಾಡುತ್ತಿದ್ದ. ಹೊಲದಲ್ಲಿ ಜೋಳ ಸುತ್ತಲಿನ ಯಾವ ಬೆಳೆಗೂ ಇಲ್ಲದಷ್ಟು ಕಪ್ಪುಹಸಿರಾಗಿ ಎದ್ದಿತ್ತು. ಬಸಂತರಾಯ ಅದರ ನಡುವೆ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಏಳನೆಯ ವಾರ ಲಕ್ಕವ್ವ ತಂಬಿಗೆ ತಂದು, ಅವನ ಮುಂದಿದ್ದ ಲೋಟಕ್ಕೆ ನೀರು ಬಗ್ಗಿಸಿದಳು. ನೀರು ಲೋಟದ ಪಕ್ಕಕ್ಕೆ ಬಿತ್ತು. ಆಕೆ ಬಗ್ಗಿಸುತ್ತಲೇ ಇದ್ದಳು. ನೆಲ ತೊಯ್ದು ಅವನ ಧೋತರದ ಅಂಚಿಗೆ ಬಂತು.

“ಸಾಕೇನ್ರಿ?” ಎಂದಳು, ಮುಖದಲ್ಲಿ ಅದೇ ನಗು.

ಲೋಟ ಬರಿದಾಗಿತ್ತು. ಕಾಳಪ್ಪ ನಗಲಿಲ್ಲ.

“ಯಾವಾಗಿಂದ ಹಿಂಗ, ತಂಗಿ?”

“ಏನ್ರಿ? ಎರಡು ದಿನಾ ಆತು, ಬದಿಗಿದ್ದದ್ದು ಕಾಣವಲ್ದು. ಒಲಿ ಹೊಗಿ ಇರಬೇಕು.”

“ಕಾಳಪ್ಪ, ಬಂಡಿ ಹೂಡು. ದವಾಖಾನಿಗೆ ಹೋಗೋಣು.”

“ಇದಕ್ಕ ಔಷಧ ಐತೇನ್ರಿ?”

ಔಷಧವಿದೆಯೆಂದು ಬಸಂತರಾಯ ಎಲ್ಲೂ ಓದಿರಲಿಲ್ಲ. “ಮೊದಲ ಬಂಡಿ ಹೂಡು” ಎಂದ.

ಕಾಳಪ್ಪ ಎದ್ದ. ಎತ್ತುಗಳ ಕಡೆ ನಾಲ್ಕು ಹೆಜ್ಜೆ ನಡೆದ. ಐದನೆಯ ಹೆಜ್ಜೆಗೆ ಕಾಲು ನೆಲ ಸಿಗದಂತೆ ಗಾಳಿಯಲ್ಲಿ ತಡಕಾಡಿತು. ಗೋಡೆಗೆ ಕೈ ಕೊಟ್ಟು ನಿಂತುಬಿಟ್ಟ. “ಜೋಮು ಹಿಡದೈತಿ ಅಷ್ಟ” ಎಂದ, ತನಗೇ ಹೇಳಿಕೊಳ್ಳುವಂತೆ.

ಬಸಂತರಾಯ ಅವನನ್ನು ಕಟ್ಟೆಗೆ ಕೂರಿಸಿ, ಎತ್ತುಗಳ ಹಗ್ಗವನ್ನು ತಾನೇ ಬಿಚ್ಚಿದ. ವರದಿಯನ್ನು ತೆಗೆದು, ಸಹಿಯ ಜಾಗದಲ್ಲಿ ಗಂಡ ಹೆಂಡಿರಿಬ್ಬರ ಹೆಸರನ್ನೂ ಬರೆದು ಮಡಚಿಕೊಂಡ. ಆಮೇಲೆ, ಅದೇ ಕಾಳು ಉಂಡಿದ್ದ ಪಕ್ಕದ ಮನೆಯ ಬಾಗಿಲಿಗೆ ಹೋಗಿ ಕೂಗಿದ. ಒಳಗಿನಿಂದ ಯಾರೋ ಓಗೊಟ್ಟರು. ಆ ದನಿ ತೊದಲುತ್ತಿತ್ತು.